ಅಕ್ಕಪಕ್ಕದ ಲೆಕ್ಕ: ಸೂತ್ರಕ್ಕೆ ಮೊದಲು ವಾಕ್ಯ

ಕ್ರಮಯೋಜನೆಯ ಅಧ್ಯಾಯದಲ್ಲಿ ‘ಒಟ್ಟಿಗೆ ಬರುವಂತೆ’, ‘ಒಟ್ಟಿಗೆ ಬಾರದಂತೆ’ ಎಂಬ ನಿರ್ಬಂಧದ ಲೆಕ್ಕಗಳು ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠಯೋಜನೆಗಳು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಇರುತ್ತವೆ. ಕಪ್ಪುಹಲಗೆಯ ಎಡಭಾಗದಲ್ಲಿ ಎರಡು ನಿಯಮ. ಒಟ್ಟಿಗೆ ಎಂದಿದ್ದರೆ ಗಂಟು ಕಟ್ಟಿ ಒಂದೇ ವಸ್ತುವೆಂದು ಭಾವಿಸಿ. ಒಟ್ಟಿಗೆ ಬೇಡ ಎಂದಿದ್ದರೆ ಒಟ್ಟು ಸಂಖ್ಯೆಯಿಂದ ಅದನ್ನು ಕಳೆಯಿರಿ. ಬಲಭಾಗದಲ್ಲಿ ನಾಲ್ಕೈದು ಲೆಕ್ಕ. ಉತ್ತರಗಳು ಪುಸ್ತಕದ ಕೊನೆಯ ಪುಟದೊಂದಿಗೆ ತಾಳೆಯಾಗುತ್ತವೆ, ಅವಧಿ ಮುಗಿಯುತ್ತದೆ, ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂಬ ಷರಾ ಬೀಳುತ್ತದೆ. ಘಟಕ ಪರೀಕ್ಷೆಯಲ್ಲಿ ಪ್ರಶ್ನೆಯ ಮಾತು ತುಸು ಬದಲಾದರೆ ಸಾಕು, ಅದೇ ಮಕ್ಕಳು ತಡವರಿಸುತ್ತಾರೆ.

ಈ ಲೆಕ್ಕಗಳ ಕಷ್ಟ ಇರುವುದು ಫ್ಯಾಕ್ಟೋರಿಯಲ್‌ನಲ್ಲಿ ಅಲ್ಲ, ವಾಕ್ಯದಲ್ಲಿ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಈ ವಿಷಯದ ಮೊದಲ ಅವಧಿಯನ್ನು ವಾಕ್ಯ ಓದುವುದಕ್ಕೂ ಸಣ್ಣ ಸಂಖ್ಯೆಗಳಲ್ಲಿ ಕೈಯಾರೆ ಎಣಿಸುವುದಕ್ಕೂ ಮೀಸಲಿಡಬೇಕು. ಹಾಗೆ ಮಾಡಿದ ಪ್ರಶಿಕ್ಷಣಾರ್ಥಿಗೆ ‘ಲೆಕ್ಕ ಕಡಿಮೆ ಮಾಡಿಸಿದರು’ ಎಂದು ಅಂಕ ಕಡಿಯುವುದನ್ನು ನಾವು, ಮಾರ್ಗದರ್ಶಕ ಉಪನ್ಯಾಸಕರು, ನಿಲ್ಲಿಸಬೇಕು.

ಒಂದು ಸಾಲು, ನಾಲ್ಕು ಪ್ರಶ್ನೆ

ನಾಲ್ವರು ಹುಡುಗರು, ಮೂವರು ಹುಡುಗಿಯರು ಒಂದು ಸಾಲಿನಲ್ಲಿ ಕೂರಬೇಕು. ನಿರ್ಬಂಧವಿಲ್ಲದಿದ್ದರೆ 7! = 5040 ವಿಧ. ಈಗ ಪ್ರಶ್ನೆಪತ್ರಿಕೆಯಲ್ಲಿ ‘ಹುಡುಗಿಯರು ಒಟ್ಟಿಗೆ ಕೂರಬಾರದು’ ಎಂದಿದೆ ಎಂದುಕೊಳ್ಳೋಣ. ಈ ವಾಕ್ಯಕ್ಕೆ ಎರಡು ಅರ್ಥಗಳಿವೆ.

ಮೂವರೂ ಒಂದೇ ಗುಂಪಾಗಿ ಇರಬಾರದು, ಇಬ್ಬರು ಜೊತೆಗಿದ್ದರೆ ಅಡ್ಡಿಯಿಲ್ಲ ಎಂಬುದು ಒಂದು ಅರ್ಥ. ಆಗ ಗಂಟು ಕಟ್ಟಿದ ಸಂಖ್ಯೆ 5! × 3! = 720 ಅನ್ನು ಕಳೆದರೆ 4320. ಯಾವ ಇಬ್ಬರು ಹುಡುಗಿಯರೂ ಅಕ್ಕಪಕ್ಕ ಇರಬಾರದು ಎಂಬುದು ಇನ್ನೊಂದು ಅರ್ಥ. ಆಗ ನಾಲ್ವರು ಹುಡುಗರನ್ನು 4! = 24 ವಿಧದಲ್ಲಿ ಕೂರಿಸಿ, ಅವರ ನಡುವಿನ ಮತ್ತು ಎರಡು ತುದಿಗಳ ಒಟ್ಟು 5 ಸಂದುಗಳಲ್ಲಿ ಹುಡುಗಿಯರನ್ನು 5 × 4 × 3 = 60 ವಿಧದಲ್ಲಿ ಇರಿಸಿದರೆ 24 × 60 = 1440. ಒಂದು ಉತ್ತರ ಇನ್ನೊಂದರ ಮೂರು ಪಟ್ಟು. ಇದು ಕೂಡಿಸುವಲ್ಲಿ ಕಳೆಯುವಲ್ಲಿ ಆದ ಎಡವಟ್ಟಲ್ಲ. ಎರಡು ಬೇರೆ ಪ್ರಶ್ನೆಗಳ ಎರಡು ಸರಿಯಾದ ಉತ್ತರಗಳು.

ಇವೆರಡರ ನಡುವೆ ಬಿಟ್ಟುಹೋದ ವಿನ್ಯಾಸಗಳೂ ಇವೆ: ಇಬ್ಬರು ಜೊತೆಗಿದ್ದು ಮೂರನೆಯವಳು ದೂರವಿರುವವು. ಅವುಗಳ ಸಂಖ್ಯೆ 5040 − 720 − 1440 = 2880. ನೇರವಾಗಿಯೂ ಎಣಿಸಬಹುದು. ಜೊತೆಗಿರುವ ಇಬ್ಬರನ್ನು ಎಡಬಲ ಸಹಿತ ಆರಿಸಲು 3 × 2 = 6 ವಿಧ; ಹುಡುಗರನ್ನು ಕೂರಿಸಲು 24 ವಿಧ; ಆ ಜೋಡಿಗೂ ಒಂಟಿ ಹುಡುಗಿಗೂ ಬೇರೆ ಬೇರೆ ಸಂದು ಕೊಡಲು 5 × 4 = 20 ವಿಧ. 6 × 24 × 20 = 2880. ಎರಡು ದಾರಿಯಲ್ಲಿ ಹೋಗಿ ಒಂದೇ ಜಾಗ ತಲುಪಿದಾಗ ತರಗತಿಗೆ ಆಗುವ ಖಾತ್ರಿ ಹತ್ತು ಲೆಕ್ಕ ಮಾಡಿದರೂ ಬರುವುದಿಲ್ಲ. ಈ ಒಂದೇ ಸನ್ನಿವೇಶದಲ್ಲಿ ಮೂವರೂ ಒಟ್ಟಿಗೆ, ಮೂವರೂ ಒಟ್ಟಿಗಲ್ಲ, ಯಾವ ಇಬ್ಬರೂ ಒಟ್ಟಿಗಲ್ಲ, ಇಬ್ಬರು ಮಾತ್ರ ಒಟ್ಟಿಗೆ ಎಂಬ ನಾಲ್ಕು ಪ್ರಶ್ನೆಗಳಿವೆ. ಒಂದು ಅವಧಿಗೆ ಇಷ್ಟು ಸಾಕು.

ಇಬ್ಬರ ಉದಾಹರಣೆ ಮುಚ್ಚಿಡುವುದು

ಮಕ್ಕಳು ಏಕೆ ಗೊಂದಲಕ್ಕೆ ಬೀಳುತ್ತಾರೆ ಎಂದು ಕೇಳಿದರೆ ‘ಗಮನ ಕೊಡುವುದಿಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಕಾರಣ ನಾವು ಆರಿಸುವ ಮೊದಲ ಉದಾಹರಣೆಯಲ್ಲೇ ಇದೆ. ಸಾಮಾನ್ಯವಾಗಿ ಪಾಠ ಶುರುವಾಗುವುದು ಇಬ್ಬರಿಂದ. ಐವರು ಸಾಲಿನಲ್ಲಿ ನಿಲ್ಲಬೇಕು, ಅವರಲ್ಲಿ ನಿರ್ದಿಷ್ಟ ಇಬ್ಬರು ಪಕ್ಕಪಕ್ಕ ನಿಲ್ಲಬಾರದು. ಕಳೆದು ಮಾಡಿದರೆ 120 − 48 = 72. ಸಂದುಗಳಲ್ಲಿ ನಿಲ್ಲಿಸಿ ಮಾಡಿದರೆ 3! × 4 × 3 = 72. ಎರಡೂ ಒಂದೇ.

ಇಬ್ಬರೇ ಇದ್ದಾಗ ‘ಇಬ್ಬರೂ ಒಟ್ಟಿಗಿಲ್ಲ’ ಮತ್ತು ‘ಯಾವ ಇಬ್ಬರೂ ಒಟ್ಟಿಗಿಲ್ಲ’ ಎಂಬವು ಒಂದೇ ಮಾತು. ಹಾಗಾಗಿ ಒಟ್ಟಿಗಿಲ್ಲ ಎಂದರೆ ಕಳೆಯುವುದು ಎಂಬ ನಂಟು ಮಗುವಿನ ಮನಸ್ಸಿನಲ್ಲಿ ಕೂರುತ್ತದೆ. ಮೂವರು ಬಂದ ಕೂಡಲೇ ಆ ನಂಟು ಮುರಿಯುತ್ತದೆ, ಆದರೆ ಮುರಿಯಿತೆಂದು ಯಾರೂ ಹೇಳುವುದಿಲ್ಲ. ಸುಲಭದಿಂದ ಕಠಿಣಕ್ಕೆ ಎಂಬ ಬೋಧನಾ ಸೂತ್ರವನ್ನು ನಾವೇ ಕಲಿಸುತ್ತೇವೆ. ಇಲ್ಲಿ ಇಬ್ಬರ ಲೆಕ್ಕ ಸುಲಭ, ನಿಜ. ಆದರೆ ಕಲಿಯಬೇಕಾದ ಭೇದವನ್ನೇ ಅದು ಮುಚ್ಚಿಡುತ್ತದೆ. ಭೇದ ಕಾಣುವ ಅತಿ ಚಿಕ್ಕ ಸಂಖ್ಯೆ ಮೂರು. ಪಾಠ ಅಲ್ಲಿಂದಲೇ ಶುರುವಾಗಲಿ.

ಕನ್ನಡದ ಆಸರೆ

ಕೆಲವು ವರ್ಷಗಳ ಹಿಂದಿನವರೆಗೆ ಈ ಅಧ್ಯಾಯ ನಮ್ಮ ಎಸ್ಸೆಸ್ಸೆಲ್ಸಿ ಗಣಿತದಲ್ಲಿತ್ತು. ಈಗ ಅದು ಪ್ರಥಮ ಪಿಯುಸಿಗೆ ಹೋಗಿದೆ. ಇದರಿಂದ ಒಂದು ಬದಲಾವಣೆ ಆಗಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ವಿಭಾಗಕ್ಕೆ ಬಂದ ಮಗು ಈ ಲೆಕ್ಕವನ್ನು ಮೊದಲ ಬಾರಿಗೆ ನೋಡುವುದೇ ಇಂಗ್ಲಿಷಿನಲ್ಲಿ. ಪ್ರಥಮ ಪಿಯುಸಿಯಲ್ಲಿ ಬಳಸುವ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಇಂಗ್ಲಿಷಿನ ‘ಡಾಟರ್’ ಪದದ ಎಂಟು ಅಕ್ಷರಗಳನ್ನು ಜೋಡಿಸುವ ಒಂದು ಉದಾಹರಣೆ ಇದೆ. ಸ್ವರಗಳೆಲ್ಲ ಒಟ್ಟಿಗೆ ಬರುವುದು ಅದರ ಮೊದಲ ಭಾಗ, ಸ್ವರಗಳೆಲ್ಲ ಒಟ್ಟಿಗೆ ಬಾರದಿರುವುದು ಎರಡನೆಯ ಭಾಗ. ಸ್ವರಗಳು ಎ, ಯು, ಇ ಮೂರು, ವ್ಯಂಜನಗಳು ಐದು. ಮೊದಲ ಭಾಗಕ್ಕೆ 6! × 3! = 4320. ಎರಡನೆಯದಕ್ಕೆ 8! = 40320 ರಿಂದ ಅದನ್ನು ಕಳೆದು 36000. ಅದೇ ಎರಡನೆಯ ಭಾಗವನ್ನು ‘ಯಾವ ಎರಡು ಸ್ವರಗಳೂ ಅಕ್ಕಪಕ್ಕ ಬಾರದಂತೆ’ ಎಂದು ಓದಿಕೊಂಡ ಮಗುವಿಗೆ 5! × 6 × 5 × 4 = 14400 ಬರುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುವವರಿಗೂ ಆ ವಾಕ್ಯ ಎರಡು ಕಡೆ ವಾಲುತ್ತದೆ. ಭಾಷೆಯೇ ಹೊಸದಾದ ಮಗುವಿಗೆ ಅದು ಬರೀ ಊಹೆಯ ಆಟ.

ಇಲ್ಲಿ ಕನ್ನಡ ನಮಗೆ ಒಳ್ಳೆಯ ಆಸರೆ. ‘ಮೂವರು’ ಮತ್ತು ‘ಮೂವರೂ’ ಎಂಬುದರ ನಡುವಿನ ವ್ಯತ್ಯಾಸ ಹಳ್ಳಿಯ ಮಗುವಿಗೂ ಗೊತ್ತು. ‘ಮೂವರೂ ಒಂದೇ ಗುಂಪಾಗಿ ಬೇಡ’ ಎಂದರೆ ಒಬ್ಬಳು ಬೇರೆಯಾದರೆ ಸಾಕು ಎಂದು ಅದು ತಾನೇ ಹೇಳುತ್ತದೆ. ‘ಯಾವ ಇಬ್ಬರೂ ಅಕ್ಕಪಕ್ಕ ಬೇಡ’ ಎಂದರೆ ಎಲ್ಲರೂ ಚದುರಬೇಕು ಎಂದು ತಿಳಿಯುತ್ತದೆ. ಪಾಠ ಇಂಗ್ಲಿಷಿನಲ್ಲೇ ನಡೆಯಲಿ, ಆದರೆ ನಿರ್ಬಂಧದ ವಾಕ್ಯವನ್ನು ಪ್ರತಿ ಮಗುವೂ ಒಮ್ಮೆ ಕನ್ನಡದಲ್ಲಿ ತನ್ನ ಮಾತಿನಲ್ಲಿ ಹೇಳಲಿ. ಪಿಯು ವಿಭಾಗವಿರುವ ಶಾಲೆಗಳಲ್ಲಿ ಪಾಠ ಮಾಡುವ, ಸೂಕ್ಷ್ಮ ಬೋಧನೆಗೆ ಈ ವಿಷಯ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ಇದು ಮೂರು ನಿಮಿಷದ ಕೆಲಸ. ಅದನ್ನು ಬಿಟ್ಟರೆ ಮುಂದಿನ ನಲವತ್ತು ನಿಮಿಷ ಮಗು ಬೇರೆ ಯಾವುದೋ ಪ್ರಶ್ನೆಗೆ ಉತ್ತರ ಹುಡುಕುತ್ತಿರಬಹುದು.

ಹುಣಸೆಬೀಜದ ಪಟ್ಟಿ

ವಾಕ್ಯ ತಿಳಿದ ಮೇಲೆ ಎಣಿಕೆ. ಇದಕ್ಕೆ ಬೇಕಾದ ಬೋಧನೋಪಕರಣ ಮೂರು ಹುಣಸೆಬೀಜ, ಎರಡು ಕಲ್ಲು. ಅವುಗಳನ್ನು ಸಾಲಾಗಿ ಇಡುವ ಎಲ್ಲ ವಿನ್ಯಾಸಗಳನ್ನೂ ಜೋಡಿಜೋಡಿಯಾಗಿ ಕುಳಿತ ಮಕ್ಕಳು ಬರೆಯಲಿ. ಬೀಜಕ್ಕೆ ‘ಹ’, ಕಲ್ಲಿಗೆ ‘ಕ’.

ಹಹಹಕಕ, ಹಹಕಹಕ, ಹಹಕಕಹ, ಹಕಹಹಕ, ಹಕಹಕಹ, ಹಕಕಹಹ, ಕಹಹಹಕ, ಕಹಹಕಹ, ಕಹಕಹಹ, ಕಕಹಹಹ.

ಹತ್ತೇ. ಕೆಲವರಿಗೆ ಒಂಬತ್ತು ಸಿಗುತ್ತದೆ, ಕೆಲವರಿಗೆ ಒಂದು ಎರಡು ಸಲ ಬಂದು ಹನ್ನೊಂದಾಗುತ್ತದೆ. ಯಾವುದೂ ಬಿಟ್ಟುಹೋಗದಂತೆ, ಯಾವುದೂ ಮರುಕಳಿಸದಂತೆ ಬರೆಯಲು ಒಂದು ಕ್ರಮ ಬೇಕು ಎಂಬುದು ಅಲ್ಲಿಯೇ ಅರಿವಾಗುತ್ತದೆ. ಎಣಿಕೆಯ ಮೂಲತತ್ವವೆಂದರೆ ಇದೇ. ಬಳಿಕ ಹತ್ತನ್ನೂ ಮೂರು ಗುಂಪು ಮಾಡಿಸಬೇಕು. ಮೂರು ಬೀಜಗಳೂ ಒಟ್ಟಿಗಿರುವವು 3. ಯಾವ ಎರಡು ಬೀಜಗಳೂ ಅಕ್ಕಪಕ್ಕ ಇಲ್ಲದ್ದು ‘ಹಕಹಕಹ’ ಒಂದೇ. ಉಳಿದ 6 ರಲ್ಲಿ ಎರಡು ಬೀಜ ಜೊತೆಗಿವೆ, ಒಂದು ದೂರ. ‘ಒಟ್ಟಿಗಿಲ್ಲ’ ಎಂದರೆ 7 ಆಗಬಹುದು, 1 ಆಗಬಹುದು ಎಂಬುದನ್ನು ಮಗು ಈಗ ಕಣ್ಣಾರೆ ಕಾಣುತ್ತದೆ.

ಬೀಜಗಳ ಜಾಗದಲ್ಲಿ ಮೂವರು ಹುಡುಗಿಯರು, ಕಲ್ಲುಗಳ ಜಾಗದಲ್ಲಿ ಇಬ್ಬರು ಹುಡುಗರು ಬಂದರೆ ಪ್ರತಿ ವಿನ್ಯಾಸಕ್ಕೂ 3! × 2! = 12 ಆಸನಕ್ರಮ. ಹಾಗಾಗಿ ಗುಂಪುಗಳು 36, 12, 72 ಆಗುತ್ತವೆ. ಕೂಡಿದರೆ 120, ಅಂದರೆ 5!. ಗಂಟು ಕಟ್ಟಿದರೆ 3! × 3! = 36, ಸಂದುಗಳಲ್ಲಿ ಕೂರಿಸಿದರೆ 2! × 3 × 2 × 1 = 12. ಸೂತ್ರ ಬಂದದ್ದು ಪಟ್ಟಿಯ ನಂತರ. ಪಟ್ಟಿಯೇ ಅದಕ್ಕೆ ಸಾಕ್ಷಿ.

ಪಟ್ಟಿ ಮಾಡುವುದು ಚಿಕ್ಕ ತರಗತಿಯ ಕೆಲಸ ಎಂಬ ಅಸಡ್ಡೆ ನಮ್ಮಲ್ಲಿದೆ. ಛಂದಸ್ಸಿನಲ್ಲಿ ಲಘುಗುರುಗಳ ಎಲ್ಲ ವಿನ್ಯಾಸಗಳನ್ನೂ ಕ್ರಮವಾಗಿ ಬರೆಯುವುದಕ್ಕೆ ಪ್ರಸ್ತಾರ ಎಂಬ ಹೆಸರೇ ಇದೆ. ಮೂರಕ್ಷರದ ಎಂಟು ಗಣಗಳನ್ನು ಮಕ್ಕಳು ಕನ್ನಡ ಪಾಠದಲ್ಲಿ ಆಗಲೇ ಕಲಿತಿರುತ್ತಾರೆ. ಅವುಗಳಲ್ಲಿ ಎರಡು ಗುರುಗಳು ಅಕ್ಕಪಕ್ಕ ಬರದವು ಯಾವುವು ಎಂದು ಕೇಳಿನೋಡಿ. ಮಗಣ, ಯಗಣ, ತಗಣಗಳನ್ನು ಬಿಟ್ಟು ಉಳಿದ ನ, ಭ, ಜ, ಸ, ರ ಐದೂ ಅಂಥವೇ. ಪೂರ್ವಜ್ಞಾನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ?

ಮೊದಲು ಯಾರು ಕೂರಬೇಕು?

ಸಂದಿನ ಕ್ರಮದಲ್ಲಿ ನಿರ್ಬಂಧವಿಲ್ಲದವರನ್ನು ಮೊದಲು ಕೂರಿಸುತ್ತೇವೆ. ಏಕೆಂದು ಮಗು ಕೇಳಿದರೆ ‘ಅದೇ ನಿಯಮ’ ಎನ್ನಬಾರದು. ಹುಡುಗಿಯರನ್ನೇ ಮೊದಲು ಕೂರಿಸಿದರೂ ಲೆಕ್ಕ ಆಗುತ್ತದೆ, ದಾರಿ ಉದ್ದವಾಗುತ್ತದೆ ಅಷ್ಟೆ. ಮೂವರು ಹುಡುಗಿಯರು ಕುಳಿತ ಮೇಲೆ ಎರಡು ತುದಿ, ಎರಡು ನಡುಸಂದು ಸೇರಿ ನಾಲ್ಕು ಜಾಗ. ನಾಲ್ವರು ಹುಡುಗರನ್ನು ಅಲ್ಲಿ ಹಂಚಬೇಕು, ಎರಡು ನಡುಸಂದುಗಳಲ್ಲಿ ಕನಿಷ್ಠ ಒಬ್ಬೊಬ್ಬರು ಇರಲೇಬೇಕು. ಹೀಗೆ ಹಂಚುವ ವಿಧಗಳು 10. ಹುಡುಗಿಯರ ಕ್ರಮ 6, ಹುಡುಗರ ಕ್ರಮ 24. 10 × 6 × 24 = 1440. ಅದೇ ಉತ್ತರ. ಹುಡುಗರನ್ನು ಮೊದಲು ಕೂರಿಸಿದಾಗ ‘ಕನಿಷ್ಠ ಒಬ್ಬ’ ಎಂಬ ತಲೆನೋವಿಲ್ಲ. ಒಂದು ಸಂದಿಗೆ ಹೆಚ್ಚೆಂದರೆ ಒಬ್ಬಳು ಎಂಬುದಷ್ಟೇ ಷರತ್ತು. ಕ್ರಮದ ಹಿಂದಿನ ಕಾರಣ ಇದು.

ಕಾರಣ ತಿಳಿದಿದೆಯೇ ಎಂದು ಪರೀಕ್ಷಿಸಲು ಅದೇ ಏಳು ಜನರನ್ನು ದುಂಡುಮೇಜಿನ ಸುತ್ತ ಕೂರಿಸಬೇಕು. ಸಾಲಿನಲ್ಲಿ ಸಂದುಗಳು ಹುಡುಗರಿಗಿಂತ ಒಂದು ಹೆಚ್ಚು. ದುಂಡಿನಲ್ಲಿ ತುದಿಗಳೇ ಇಲ್ಲ, ಆದ್ದರಿಂದ ಸಂದುಗಳು ಹುಡುಗರಷ್ಟೇ. 3! × 4 × 3 × 2 = 144. ‘ಒಂದು ಕೂಡಿಸು’ ಎಂದು ಬಾಯಿಪಾಠ ಮಾಡಿದ ಮಗು ಇಲ್ಲಿ 5 ಸಂದು ಎಂದು ಬರೆಯುತ್ತದೆ. ಚಿತ್ರ ಬರೆದ ಮಗು ಬರೆಯುವುದಿಲ್ಲ.

ತಪ್ಪು ಉತ್ತರ ಯಾವ ಪ್ರಶ್ನೆಯದು?

1440 ಬರಬೇಕಾದಲ್ಲಿ 4320 ಬರೆದ ಮಗುವಿನ ಪುಸ್ತಕಕ್ಕೆ ಕೆಂಪು ಗೀಟು ಎಳೆಯುವ ಮೊದಲು, ಅದು ಯಾವ ಪ್ರಶ್ನೆಗೆ ಉತ್ತರಿಸಿದೆ ಎಂದು ನೋಡಬೇಕು. ಅದರ ಗಣಿತ ಸರಿ, ಓದು ಬೇರೆ. ಪರಿಹಾರಬೋಧನೆಯೂ ಓದಿನದೇ ಆಗಬೇಕು. ಫ್ಯಾಕ್ಟೋರಿಯಲ್ ಮೇಲೆ ಹತ್ತು ಲೆಕ್ಕ ಕೊಟ್ಟರೆ ಪ್ರಯೋಜನವಿಲ್ಲ.

ಇನ್ನೊಬ್ಬ ಮಗು 720 ಬರೆದಿರಬಹುದು. ಇದರ ಹಿಂದೆ ಎರಡು ಕಥೆ ಸಾಧ್ಯ. ‘ಬಾರದಂತೆ’ ಎಂಬುದನ್ನು ಗಮನಿಸದೆ ಮೂವರನ್ನೂ ಗಂಟು ಕಟ್ಟಿರಬಹುದು. ಅಥವಾ ಹೀಗೆ ಯೋಚಿಸಿರಬಹುದು: ಹುಡುಗಿಯರಲ್ಲಿ ಮೂರು ಜೋಡಿಗಳಿವೆ, ಪ್ರತಿ ಜೋಡಿ ಒಟ್ಟಿಗಿರುವ ವಿಧಗಳು 2! × 6! = 1440, ಮೂರೂ ಜೋಡಿಗೆ 4320, ಅದನ್ನು 5040 ರಿಂದ ಕಳೆದರೆ 720. ಈ ಮಗುವಿನ ಯೋಚನೆ ಮೊದಲನೆಯದಕ್ಕಿಂತ ಬಹಳ ಮುಂದಿದೆ. ಮೂವರೂ ಒಟ್ಟಿಗಿರುವ 720 ವಿನ್ಯಾಸಗಳಲ್ಲಿ ಎರಡೆರಡು ಜೋಡಿಗಳಿರುವುದರಿಂದ ಅವು ಎರಡು ಸಲ ಕಳೆದುಹೋಗಿವೆ ಎಂಬುದೊಂದೇ ಅದಕ್ಕೆ ಹೊಳೆಯದ ಅಂಶ. ಒಂದು ಸಲ ವಾಪಸು ಕೂಡಿಸಿದರೆ 720 + 720 = 1440. ಉತ್ತರ ಮಾತ್ರ ನೋಡಿದರೆ ಈ ಇಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಬ್ಬರಿಗೆ ವಾಕ್ಯ ಓದಿಸಬೇಕು, ಇನ್ನೊಬ್ಬರಿಗೆ ಬೆನ್ನು ತಟ್ಟಿ ಒಂದು ಪ್ರಶ್ನೆ ಕೇಳಬೇಕು. ನೈದಾನಿಕ ಪರೀಕ್ಷೆ ಎಂದು ನಾವು ಕಲಿಸುವುದು ಇದನ್ನೇ ಅಲ್ಲವೆ?

ಪ್ರಶ್ನೆ ರಚಿಸುವವರಿಗೆ ಒಂದು ಮಾತು. ಇಂಗ್ಲಿಷ್ ಪದಗಳ ‘ಸ್ವರಗಳು ಒಟ್ಟಿಗೆ’ ಲೆಕ್ಕವನ್ನು ಹಾಗೇ ಕನ್ನಡ ಪದಕ್ಕೆ ತಂದರೆ ನಡೆಯುವುದಿಲ್ಲ. ನಮ್ಮ ಬರಹದಲ್ಲಿ ಸ್ವರ ವ್ಯಂಜನದೊಳಗೆ ಕಾಗುಣಿತವಾಗಿ ಸೇರಿರುತ್ತದೆ. ಇಡೀ ಅಕ್ಷರವನ್ನೇ ಒಂದು ವಸ್ತುವಾಗಿ ಎಣಿಸುವುದು ನಮಗೆ ಸಹಜ. ‘ಕನಕದಾಸ’ ಎಂಬಲ್ಲಿ ಐದು ಅಕ್ಷರ, ‘ಕ’ ಎರಡು ಸಲ. ಒಟ್ಟು ಜೋಡಣೆ 5! ÷ 2! = 60. ಎರಡು ‘ಕ’ಗಳು ಒಟ್ಟಿಗಿರುವವು 4! = 24, ಅಕ್ಕಪಕ್ಕ ಇಲ್ಲದವು 3! × 6 = 36. ಪುನರಾವರ್ತನೆ ಇದ್ದಾಗ ಗಂಟಿನೊಳಗೆ ಅದಲುಬದಲು ಇಲ್ಲ ಎಂಬ ಸೂಕ್ಷ್ಮವೂ ಇಲ್ಲಿ ಸಿಗುತ್ತದೆ.

ಸಮಯದ ಆಕ್ಷೇಪ

ಇಷ್ಟು ನಿಧಾನಕ್ಕೆ ಸಮಯ ಎಲ್ಲಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಿಇಟಿಯ ಗಣಿತ ಪತ್ರಿಕೆಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದಕ್ಕೆ 80 ಸೆಕೆಂಡು. ಅಲ್ಲಿ ಹುಣಸೆಬೀಜ ಜೋಡಿಸುತ್ತ ಕೂರಲಾಗದು, ಸಿದ್ಧ ಕ್ರಮವೇ ಬೇಕು. ಒಪ್ಪುತ್ತೇನೆ. ಆದರೆ ಆ 80 ಸೆಕೆಂಡಿನಲ್ಲಿ ಮೊದಲ ಇಪ್ಪತ್ತು ಹೋಗಬೇಕಾದದ್ದು ವಾಕ್ಯಕ್ಕೆ. ಜಾಣ ಪ್ರಶ್ನೆಗಾರರು ನಾಲ್ಕು ಆಯ್ಕೆಗಳಲ್ಲಿ 4320, 1440 ಎರಡನ್ನೂ ಇಡುತ್ತಾರೆ. ವಾಕ್ಯ ತಪ್ಪಾಗಿ ಓದಿದ ಮಗುವಿಗೆ ತನ್ನ ಉತ್ತರ ಅಲ್ಲಿ ಸಿಕ್ಕೇ ಸಿಗುತ್ತದೆ, ಅನುಮಾನವೂ ಬರುವುದಿಲ್ಲ. ವೇಗ ಬರುವುದು ಭೇದ ತಿಳಿದ ಮೇಲೆ. ಮೊದಲ ಅವಧಿ ನಿಧಾನವಾದರೆ ಮುಂದಿನ ಅವಧಿಗಳು ತಾವೇ ಚುರುಕಾಗುತ್ತವೆ.

ಎರಡನೆಯ ಆಕ್ಷೇಪ ನಮ್ಮ ಕಡೆಯದು. ಒಂದೇ ಸನ್ನಿವೇಶದ ಮೇಲೆ ಇಡೀ ಅವಧಿ ಕಳೆದ ಪ್ರಶಿಕ್ಷಣಾರ್ಥಿಗೆ ಹೇಗೆ ಅಂಕ ಕೊಡುವುದು? ವೀಕ್ಷಣಾ ನಮೂನೆಯಲ್ಲಿ ಪ್ರಸ್ತಾವನೆ, ಪ್ರಶ್ನಕೌಶಲ, ಕಪ್ಪುಹಲಗೆಯ ಬಳಕೆ, ಮೌಲ್ಯಮಾಪನ ಎಂಬ ಅಂಕಣಗಳಿರುತ್ತವೆ. ಮಕ್ಕಳು ನಿರ್ಬಂಧವನ್ನು ಅರ್ಥಮಾಡಿಕೊಂಡರೇ ಎಂಬುದಕ್ಕೆ ಅಂಕಣವಿಲ್ಲ. ಆದ್ದರಿಂದ ಗಣಿತ ಪಾಠದ ನಮೂನೆಗೆ ಮೂರು ಸಾಲು ಸೇರಿಸೋಣ ಎಂಬುದು ನನ್ನ ಸಲಹೆ. ಲೆಕ್ಕ ಆರಂಭಿಸುವ ಮೊದಲು ಕನಿಷ್ಠ ಇಬ್ಬರು ಮಕ್ಕಳಿಂದ ಷರತ್ತನ್ನು ಅವರ ಮಾತಿನಲ್ಲಿ ಹೇಳಿಸಿದರೇ? ಸೂತ್ರವನ್ನು ಕೈಯಾರೆ ಎಣಿಸಬಹುದಾದ ಸಣ್ಣ ಸಂಖ್ಯೆಯಲ್ಲಿ ತಾಳೆ ನೋಡಿದರೇ? ಒಂದಾದರೂ ಉತ್ತರವನ್ನು ಎರಡನೆಯ ದಾರಿಯಿಂದ ಪರಿಶೀಲಿಸಿದರೇ? ಈ ಮೂರಕ್ಕೂ ಹೌದು ಎಂದಾದರೆ ಹಲಗೆಯ ಮೇಲೆ ಎಷ್ಟು ಲೆಕ್ಕ ಇತ್ತು ಎಂದು ಎಣಿಸುವ ಅಗತ್ಯವಿಲ್ಲ.

ಪ್ರಶಿಕ್ಷಣಾರ್ಥಿಗಳಿಗೂ ಒಂದು ಕೋರಿಕೆ. ಈ ವಿಷಯದ ಪಾಠಯೋಜನೆ ಬರೆಯುವ ಹಿಂದಿನ ರಾತ್ರಿ ಹೊಸ ಲೆಕ್ಕಗಳನ್ನು ಹುಡುಕಬೇಡಿ. ಒಂದೇ ಲೆಕ್ಕ ತೆಗೆದುಕೊಂಡು ಅದರ ವಾಕ್ಯವನ್ನು ನಾಲ್ಕು ಬಗೆಯಲ್ಲಿ ಬದಲಿಸಿ ಬರೆಯಿರಿ. ಪ್ರತಿಯೊಂದಕ್ಕೂ ಉತ್ತರ ಕಂಡುಹಿಡಿದು, ಕೂಡಿದಾಗ ಒಟ್ಟು ಸರಿಹೋಗುತ್ತದೆಯೇ ನೋಡಿ. ಸರಿಹೋದರೆ ಮರುದಿನ ಮಗು ಬರೆಯುವ ಯಾವ ಉತ್ತರವೂ ನಿಮಗೆ ಅಪರಿಚಿತವಾಗಿರುವುದಿಲ್ಲ.